ತೊಟ್ಟಿರುವ ನಿಪ್ಪಟ್ಟು

ಅಕ್ಕಿಹಿಟ್ಟು ಕೆಜಿಗೆ ಹದಿನೆಂಟು, ಹುರಿಗಡಲೆ ನಲವತ್ತು, ಕಡಲೆಬೀಜ ನಲವತ್ತೈದು, ಪಾಮಾಯಿಲ್ ಅರವತ್ತರ ಹತ್ತಿರ. ಎಳ್ಳು, ಕಾರದಪುಡಿ, ಕರಿಬೇವು, ಇಂಗು, ಸೌದೆ ಎಲ್ಲ ಸೇರಿ ಒಂದು ನಿಪ್ಪಟ್ಟು ನನಗೆ ಅರವತ್ತು ಪೈಸೆಗೆ ಬೀಳುತ್ತಿತ್ತು. ಮಾರುತ್ತಿದ್ದದ್ದು ಒಂದು ರೂಪಾಯಿಗೆ. ಅದನ್ನೇ ಮೂರು ರೂಪಾಯಿಗೆ ಮಾರೋಣ ಅಂತ ನನ್ನ ಮಗ ವೇಣು ಹೇಳಿದಾಗ ನಾನು ಜಾಲರಿ ಸಟ್ಟುಗ ಕೆಳಗಿಟ್ಟೆ.

"ಅದೇ ಹಿಟ್ಟು, ಅದೇ ಎಣ್ಣೆ. ಮೂರು ಯಾಕೋ?"

"ಆಕಾರಕ್ಕೆ ಎರಡು ರೂಪಾಯಿ, ಅಮ್ಮ. ಗುರುವಾರ ವ್ಯಾಲೆಂಟೈನ್ಸ್ ಡೇ. ಹಾರ್ಟ್ ಆಕಾರದಲ್ಲಿ ನಿಪ್ಪಟ್ಟು ಮಾಡಣ. ಕಾಲೇಜು ಹುಡುಗರು ಬೇಕರೀಲಿ ಹಾರ್ಟ್ ಕೇಕಿಗೆ ನೂರಾರು ರೂಪಾಯಿ ಕೊಡ್ತಾರೆ. ನಮ್ಮದು ಮೂರೇ ರೂಪಾಯಿ."

"ಪ್ರೀತಿ ಮಾಡೋರಿಗೆ ಸಿಹಿ ಕೊಡ್ತಾರೆ ಕಣೋ. ಕಾರ ಯಾರು ಕೊಡ್ತಾರೆ?"

"ಸಿಹಿ ತಿನ್ನದೇ ಇರೋರೂ ಇರ್ತಾರೆ" ಅಂದವನು ಆ ಕಡೆ ತಿರುಗಿ ಡಬ್ಬ ಒರೆಸತೊಡಗಿದ.

ಯಾರು ಸಿಹಿ ತಿನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ನಮ್ಮ ಕಾಂಡಿಮೆಂಟ್ಸ್ ಅಂಗಡಿ. ದಿನಾ ಬೆಳಗ್ಗೆ ಜಂಗಮಕೋಟೆ ಬಸ್ಸಿಗೆ ಮುಂಚೆ ಒಬ್ಬಳು ಹುಡುಗಿ ಬಂದು ಕಾರದ ಕಡ್ಲೆಬೀಜದ ಪೊಟ್ಟಣ ತಗೊಂಡು ಹೋಗುತ್ತಾಳೆ. ಹೆಸರು ಸಂಘಮಿತ್ರ, ಅಲ್ಲಿನ ಶಾಲೆಯಲ್ಲಿ ಟೀಚರು. ಅವಳ ತಂದೆ ನರಸಿಂಹಮೂರ್ತಿ ಪೋಸ್ಟಾಫೀಸಿನಲ್ಲಿ ಗುಮಾಸ್ತ, ದೂರದಿಂದ ನನಗೆ ತಮ್ಮನಾಗಬೇಕು. ನಮ್ಮ ಮನೆಯಲ್ಲಿ ಎಲ್ಲಮ್ಮನ ಪಟ, ಅವರ ಮನೆಯಲ್ಲಿ ಬುದ್ಧನದ್ದು. ಅವನ ಅಪ್ಪನ ಕಾಲದಲ್ಲೇ ಅವರು ಬೌದ್ಧರಾದರು. ಪಟ ಬೇರೆಯಾದರೂ ಕುಲ ಒಂದೇ, ಹೋಗಿಬರುವುದಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿಯಾಗಿದ್ದದ್ದು ಒಂದು ಎಲೆ.

ದೀಪಾವಳಿ ಮುಗಿದ ವಾರ ಸಂಬಂಧದ ಮಾತು ಎತ್ತಿದ್ದೆವು. ನಮ್ಮ ಯಜಮಾನರು ತೀರಿಕೊಂಡಾಗಿನಿಂದ ಮನೆಗೆ ಹಿರಿಯರು ಅಂದರೆ ಅವರ ಅಣ್ಣ ಚೆನ್ನರಾಯಪ್ಪ ಭಾವ. ಹುಡುಗ, ಹುಡುಗಿ, ಒಡವೆ, ಛತ್ರ ಎಲ್ಲ ಹತ್ತು ನಿಮಿಷಕ್ಕೆ ಒಪ್ಪಿಗೆಯಾಯಿತು. ಕೊನೆಗೆ ಭಾವ, "ಸರಿ ಮೂರ್ತಿ, ಒಳ್ಳೆ ದಿನ ನೋಡಿ ಎಲೆ ಅಡಿಕೆ ಬದಲಾಯಿಸಣ" ಅಂದರು.

"ಎಲೆ ಅಡಿಕೆ ಒಂದು ಬೇಡ ಭಾವ" ಅಂದ ನರಸಿಂಹಮೂರ್ತಿ.

"ಎಲೆ ಬದಲಾಯಿಸದೆ ಮಾತು ನಿಲ್ಲೋದು ಹೆಂಗೆ? ನನ್ನ ತಂಗಿ ಮದುವೆ ಬರೀ ಬಾಯಿಮಾತಲ್ಲಿ ನಿಂತು, ಚಪ್ಪರ ಹಾಕಿದ ಮೇಲೆ ಮುರೀತು. ಎಲೆ ಮುಟ್ಟಿದ್ದರೆ ಅವರು ಹಿಂದೆ ಸರೀತಿದ್ರಾ?"

"ನಮ್ಮಪ್ಪ ಸಾದಲಿ ಕಡೆ ಊರಿನೋರ ಮದುವೆಗೆಲ್ಲ ಎಲೆ ಕಟ್ಟು ಹೊತ್ತು ತರೋರು. ತಂದು ಜಗಲಿ ಕೆಳಗಿಟ್ಟು ದೂರ ನಿಲ್ಲಬೇಕು. ನೀರು ಚಿಮುಕಿಸಿ ತಗೊಳ್ಳೋರು. ಒಬ್ಬನೂ ಅವರ ಕೈಯಿಂದ ಈಸ್ಕೊಳ್ಳಲಿಲ್ಲ. ಆ ಎಲೆ ನನ್ನ ಹೊಸ್ತಿಲು ದಾಟಲ್ಲ ಭಾವ."

ಇಬ್ಬರ ಮಾತೂ ಸರಿ. ಇಬ್ಬರದ್ದೂ ಸರಿಯಿದ್ದಾಗಲೇ ಕೆಲಸ ಕೆಡುವುದು. ಒಬ್ಬರದ್ದು ತಪ್ಪಾಗಿದ್ದರೆ ಹೆಂಗೋ ಒಪ್ಪಿಸಬಹುದಿತ್ತು. ಭಾವ ಟವೆಲ್ ಕೊಡವಿ ಎದ್ದರು, ಮಾತು ಅಲ್ಲಿಗೆ ಮುರಿಯಿತು.

ಈಗ ಬರುವ ಭಾನುವಾರ ಸಂಘಮಿತ್ರಳನ್ನು ನೋಡುವುದಕ್ಕೆ ಗೌರಿಬಿದನೂರಿನ ಒಬ್ಬ ಹುಡುಗ ಬರುವವನಿದ್ದ. ಆ ಹುಡುಗನ ಸೋದರಮಾವನೇ ನಮ್ಮ ಗಿರಾಕಿ. ಅಲ್ಲಿ ಅಂಗಡಿ ಇಟ್ಟುಕೊಂಡು ತಿಂಗಳಿಗೆ ಇಪ್ಪತ್ತು ಕೆಜಿ ಕೋಡುಬಳೆ ನಮ್ಮಿಂದಲೇ ಒಯ್ಯುತ್ತಿದ್ದ. ಸುದ್ದಿ ಹೇಳಿದ್ದೂ ಅವನೇ, ಕೋಡುಬಳೆ ತೂಕ ಹಾಕಿಸಿಕೊಳ್ಳುತ್ತಾ. ಅವತ್ತು ವೇಣು ತಕ್ಕಡಿಗೆ ಹಾಕಿದ ಕೋಡುಬಳೆಯಲ್ಲಿ ಅರ್ಧ ಪುಡಿ.

ಅದಕ್ಕೇ ಮೂರು ರೂಪಾಯಿ ನಿಪ್ಪಟ್ಟಿಗೆ ನಾನು ಹೂಂ ಅಂದೆ. ಹುಡುಗ ಸುಮ್ಮನೆ ಕೂತು ಕೊರಗುವುದಕ್ಕಿಂತ ಹಿಟ್ಟು ಕಲಸುವುದು ವಾಸಿ.

ಅಚ್ಚು ಮಾಡಿಸಬೇಕಾಗಿತ್ತು. ಬಸ್ ಸ್ಟ್ಯಾಂಡ್ ಗೋಡೆ ಪಕ್ಕ ತಗಡಿನ ಕೆಲಸ ಮಾಡುವ ಪ್ಯಾರೇಸಾಬರಿಗೆ ವೇಣು ಹೇಳಿಬಂದ. ಬುಧವಾರ ಮಧ್ಯಾಹ್ನ ಅಚ್ಚು ತಂದು ನನ್ನ ಮುಂದೆ ಇಟ್ಟವನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ನೋಡಿದರೆ ಕೆಳಗೆರಡು ಗುಂಡು, ಮೇಲೆ ಚೂಪು, ಗುಂಡುಗಳ ನಡುವೆ ಉದ್ದಕ್ಕೆ ಒಂದು ತೊಟ್ಟು.

"ಇದೇನೋ, ಹಾರ್ಟಿಗೆ ಬಾಲ?"

"ಅದು ಹಾರ್ಟಲ್ಲಮ್ಮ, ಇಸ್ಪೀಟು!"

"ನೀನೇನು ಹೇಳಿದ್ದೆ?"

"ಹಾರ್ಟ್ ಅಂದ್ರೆ ಅವರಿಗೆ ಗೊತ್ತಾಗಲಿಲ್ಲ. ಇಸ್ಪೀಟ್ ಎಲೇಲಿ ಇರುತ್ತಲ್ಲ ಸಾಬ್ರೇ, ಅದು ಅಂದೆ."

ನಮ್ಮ ಕಡೆ ಇಡೀ ಕಟ್ಟಿಗೂ ಇಸ್ಪೀಟ್ ಎಲೆ ಅಂತಲೇ ಅನ್ನುತ್ತಾರೆ, ಅದರೊಳಗಿನ ತೊಟ್ಟಿರುವ ಕರಿ ಗುರುತಿಗೂ ಇಸ್ಪೀಟ್ ಅನ್ನುತ್ತಾರೆ. ಸಾಬರು ಆ ಕರಿ ಗುರುತನ್ನೇ ಮಾಡಿದ್ದರು, ಬಹಳ ಅಂದವಾಗಿ. ನಾನು ಅಚ್ಚು ಹಿಡಿದು ಓಡಿದೆ. ಅವರು ಆಗಲೇ ಮುರುಗಮಲ್ಲದ ದರ್ಗಾಕ್ಕೆ ಅಂತ ಚಿಂತಾಮಣಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು.

"ಸಾಬ್ರೇ, ಏನು ಮಾಡಿಟ್ರಿ ಇದು?"

"ಇಸ್ಪೀಟು, ಮಂಗಮ್ಮ! ನಿನ್ ಮಗ ಇಸ್ಪೀಟ್ ಅಂದ, ಇಸ್ಪೀಟ್ ಮಾಡಿದೆ."

"ಅವನಿಗೆ ಬೇಕಾಗಿದ್ದು ಕೆಂಪುದು. ಆಟೀನು!"

"ಹಂಗಾದ್ರೆ ಆಟೀನು ಅಂತ ಬಾಯಿಬಿಟ್ಟು ಹೇಳಕ್ಕೇನು ನಾಚಿಕೆ? ಈಗಿನ ಹುಡುಗರು ಹಿಂಗೇ ಕಣಮ್ಮ. ಬೇಕಾಗಿದ್ದನ್ನ ಬಿಟ್ಟು ಸುತ್ತಮುತ್ತ ಎಲ್ಲಾ ಹೇಳ್ತಾರೆ!" ಬಸ್ಸು ಹೊರಟಿತು. "ಶುಕ್ರವಾರ ಬರ್ತೀನಿ, ಸರಿ ಮಾಡಿಕೊಡ್ತೀನಿ!"

ಶುಕ್ರವಾರ ಅಂದರೆ ಹಬ್ಬ ಮುಗಿದ ಮಾರನೆಯ ದಿನ.

ಹಿಟ್ಟು ಆಗಲೇ ತಯಾರಿತ್ತು. ಅಚ್ಚು ಒತ್ತುವ ನಿಪ್ಪಟ್ಟಿಗೆ ಇಡೀ ಕಡಲೆಬೀಜ ಹಾಕಿದರೆ ಅಂಚು ಹರಿಯುತ್ತದೆ. ಅದಕ್ಕೆ ಬೀಜವನ್ನು ತರಿತರಿಯಾಗಿ ಕುಟ್ಟಿ, ಹುರಿಗಡಲೆ ಪುಡಿ ಸ್ವಲ್ಪ ಜಾಸ್ತಿ ಹಾಕಿ, ಕಾದ ಎಣ್ಣೆ ಹುಯ್ದು ಗಟ್ಟಿಯಾಗಿ ಕಲಸಿದ್ದೆ. ಬಿಸಾಡುವ ಮಾತೇ ಇಲ್ಲ. ಇರುವ ಅಚ್ಚಿನಲ್ಲೇ ಒಂದು ಒಬ್ಬೆ ತೆಗೆದು ನೋಡೋಣ ಅಂತ ಒತ್ತಿ ಬಾಣಲೆಗೆ ಬಿಟ್ಟೆ. ಬೆಂದು ಬಂದದ್ದು ಅಚ್ಚುಕಟ್ಟಾದ ಎಲೆಗಳು, ತೊಟ್ಟು ಒಂದು ಚೂರು ಕಪ್ಪಗೆ.

"ಇದನ್ನ ಯಾವ ಹುಡುಗ ಯಾವ ಹುಡುಗಿಗೆ ಕೊಡ್ತಾನಮ್ಮ?" ಅಂತ ವೇಣು ತಲೆ ಮೇಲೆ ಕೈ ಹೊತ್ತುಕೊಂಡ.

ತಗಡು ಏನು ಕಲ್ಲೇ? ಇಕ್ಕಳ ತಗೊಂಡು ಆ ತೊಟ್ಟಿನ ಎರಡು ಕಡೆಯನ್ನೂ ಸೇರಿಸಿ ಒಳಕ್ಕೆ ಒತ್ತಿದೆ. ತೊಟ್ಟಿದ್ದ ಕಡೆ ಸೀಳು ಬಿತ್ತು. ಅಚ್ಚನ್ನು ತಲೆಕೆಳಗು ಮಾಡಿ ಅವನ ಮುಂದೆ ಹಿಡಿದೆ.

"ಅಮ್ಮಾ! ಹಾರ್ಟು!"

"ಇನ್ನು ನಿಂತು ನೋಡಬೇಡ, ಒತ್ತು."

ಆ ಮೊದಲನೇ ಒಬ್ಬೆ, ತೊಟ್ಟಿದ್ದವು, ಒಂದು ಡಬ್ಬಕ್ಕೆ ಹಾಕಿ ಪಕ್ಕಕ್ಕಿಟ್ಟೆವು.

ಗುರುವಾರ ಬೆಳಗ್ಗೆ ಗಾಜಿನ ಡಬ್ಬಗಳ ಮುಂದೆ ವೇಣು ಕೆಂಪು ಕಾಗದ ಅಂಟಿಸಿ 'ಲವ್ ನಿಪ್ಪಟ್ಟು' ಅಂತ ಬರೆದ. ಸಂಘಮಿತ್ರ ಅವತ್ತು ತಡವಾಗಿ, ಅಂಗಡಿ ಕಡೆ ತಿರುಗದೆ ಬಸ್ಸಿಗೆ ಓಡಿದಳು. ಮೊದಲು ಬಂದದ್ದು ಪ್ರೇಮಿಗಳಲ್ಲ, ಗೂಡು ಮಾರಲು ಬಂದಿದ್ದ ಕೋನಪ್ಪ.

"ಏಮಮ್ಮಾ ಮಂಗಮ್ಮ, ಹಿಪ್ಪುನೇರಳೆ ಸೊಪ್ಪಿನ ಥರ ಮಾಡಿದೀಯಲ್ಲ. ಇದು ಹುಳಕ್ಕೋ ನಮಗೋ?"

"ಪ್ರೀತಿ ಮಾಡೋರಿಗೆ ಕೋನಪ್ಪ."

"ನಮ್ಮನೆಯೋಳು ನಾಲ್ಕನೇ ಜ್ವರಕ್ಕೆ ಮಲಗಿದ ಹುಳದ ಥರ ಗೊರಕೆ ಹೊಡೀತಾಳೆ. ಅವಳಿಗೆ ಕೊಟ್ರೆ ಆಗುತ್ತಾ?"

"ಹುಳ ಎಲ್ಲಾದ್ರೂ ಗೊರಕೆ ಹೊಡೆಯುತ್ತಾ?"

"ನಮ್ಮನೇಲಿ ಹೊಡೆಯುತ್ತೆ" ಅಂತ ನಾಲ್ಕು ಕಟ್ಟಿಸಿಕೊಂಡು ಹೋದ.

ಕಾಲೇಜು ಬಿಟ್ಟ ಮೇಲೆ ಅಂಗಡಿ ಮುಂದೆ ಕಾಲಿಡುವುದಕ್ಕೆ ಜಾಗ ಇರಲಿಲ್ಲ. ಹುಡುಗಿಯರು ಗುಂಪಾಗಿ ಬಂದು ತಮಗೆ ತಾವೇ ತಗೊಂಡು ತಿಂದರು. ಹುಡುಗರು ಒಬ್ಬೊಬ್ಬರೇ ಬಂದು, "ನನ್ನ ಫ್ರೆಂಡಿಗೆ ಆಂಟಿ" ಅಂತ ಹೇಳಿ ತಗೊಂಡರು. ಒಬ್ಬ ಮಾತ್ರ ಮುರಿದಿರುವುದೇ ಬೇಕು ಅಂತ ಕೇಳಿದ. "ಯಾಕಪ್ಪ?" ಅಂದರೆ, "ಅವಳು ಹೋದ ವಾರವೇ ಇಲ್ಲ ಅಂದಳು ಆಂಟಿ." ಅವನಿಗೆ ಪುಡಿಯೆಲ್ಲ ಪೊಟ್ಟಣ ಕಟ್ಟಿ ಪುಕ್ಕಟೆ ಕೊಟ್ಟೆ. ಅವನು ಅದನ್ನು ಬಹಳ ಖುಷಿಯಾಗಿ ಅಲ್ಲೇ ನಿಂತು ತಿಂದ. ಕಾರ ಸರಿಯಾಗಿದ್ದರೆ ದುಃಖ ಎಷ್ಟು ಹೊತ್ತು ಇರುತ್ತದೆ?

ಸಾಯಂಕಾಲ ಐದೂವರೆ ಹೊತ್ತಿಗೆ ಒಂದು ಜೋಡಿ ಬಂದು ಗೋಗರೆಯಿತು. ಡಬ್ಬ ಖಾಲಿ. ಕೆಳಗೆ ತಕ್ಕಡಿ ಹಿಂದೆ ಒಂದು ಪೊಟ್ಟಣ ಕಂಡಿತು, ಅದನ್ನೇ ಕೊಟ್ಟು ಕಳಿಸಿದೆ. ವೇಣು ಗೋದಾಮಿನಿಂದ ಬಂದು ತಕ್ಕಡಿ ಹಿಂದೆ ನೋಡಿದ, ಕೆಳಗೆ ನೋಡಿದ, ನನ್ನನ್ನು ನೋಡಿದ.

"ಇಲ್ಲೊಂದು ಪೊಟ್ಟಣ ಇತ್ತಲ್ಲಮ್ಮ?"

"ಮಾರಿದೆ."

"ಅಮ್ಮಾ! ಅದನ್ನ ಆರಿಸಿ ಆರಿಸಿ ಇಟ್ಟಿದ್ದೆ!"

ಅಷ್ಟರಲ್ಲಿ ಜಂಗಮಕೋಟೆ ಬಸ್ಸು ಬಂತು. ಸಂಘಮಿತ್ರ ಸೀದಾ ಅಂಗಡಿಗೆ ಬಂದಳು.

"ಅತ್ತೆ, ನಮ್ಮ ಸ್ಕೂಲಲ್ಲಿ ಮಿಸ್‌ಗಳದ್ದೆಲ್ಲಾ ನಿಮ್ಮ ನಿಪ್ಪಟ್ಟಿನದೇ ಮಾತು. ನಂಗೊಂದು?"

"ಖಾಲಿ" ಅಂದ ವೇಣು, ಸತ್ತ ದನಿಯಲ್ಲಿ.

"ಊರಿಗೆಲ್ಲ ಲವ್ ಹಂಚಿದೀಯ, ನಂಗೆ ಖಾಲೀನಾ? ಒಳ್ಳೆ ವ್ಯಾಪಾರಸ್ಥ ಕಣೋ ನೀನು." ನಗುತ್ತಲೇ ಅಂದಳು. ನಗು ಮುಗಿದ ಮೇಲೆ, "ಭಾನುವಾರ ಅವರು ಬರ್ತಿದಾರೆ. ಗೊತ್ತಲ್ವಾ?" ಅಂದಳು. ವೇಣು ತಕ್ಕಡಿ ಒರೆಸತೊಡಗಿದ.

ನಾನು ತೊಟ್ಟಿನ ನಿಪ್ಪಟ್ಟಿನ ಡಬ್ಬ ತೆಗೆದೆ. ನೋಡಿ ಅವಳ ಕಣ್ಣು ಅಗಲವಾಯಿತು.

"ಅತ್ತೆ! ಅರಳಿ ಎಲೆ! ಥೇಟ್ ಅರಳಿ ಎಲೆ! ಅಪ್ಪಂಗೆ ತೋರಿಸಬೇಕು."

ವೇಣು ಕವರು ಹುಡುಕಿದ. ನಾನು ತಡೆದು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ, ಮೇಲೆ ಪೇಪರು ಮುಚ್ಚಿ ಕೊಟ್ಟೆ. "ತಟ್ಟೆ ನಿಧಾನಕ್ಕೆ ಕೊಡು ತಾಯಿ" ಅಂದೆ. ಕವರಿನಲ್ಲಿ ಕೊಟ್ಟದ್ದು ಅಲ್ಲಿಗೇ ಮುಗಿಯುತ್ತದೆ. ತಟ್ಟೆಯಲ್ಲಿ ಕೊಟ್ಟರೆ ಯಾರಾದರೂ ಅದನ್ನು ವಾಪಸ್ ತರಬೇಕು, ಬರಿದು ತಟ್ಟೆ ತರುವಂತಿಲ್ಲ, ತಂದವರನ್ನು ಕೂಡಿಸಿ ಒಂದು ಮಾತಾಡಿಸದೆ ಕಳಿಸುವಂತಿಲ್ಲ. ಮನೆ ಮನೆಗೆ ದಾರಿ ಉಳಿಯುವುದೇ ತಟ್ಟೆಯಿಂದ. ನನ್ನ ಲೆಕ್ಕ ಅಷ್ಟೇ ಇತ್ತು, ಅದಕ್ಕಿಂತ ಮುಂದೆ ನಾನೇನೂ ಯೋಚಿಸಿರಲಿಲ್ಲ.

ಏಳು ಗಂಟೆಗೆ ಎಂದಿನಂತೆ ಕರೆಂಟು ಹೋಯಿತು. ಮೇಣದ ಬತ್ತಿ ಹಚ್ಚಿಟ್ಟಿದ್ದೆ. ವೇಣು ಎಣ್ಣೆ ಡಬ್ಬ ತರುವುದಕ್ಕೆ ಹೋಗಿದ್ದ. ಚೆನ್ನರಾಯಪ್ಪ ಭಾವ ದಿನದ ಹಾಗೆ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಆಗ ಬಂದ ನರಸಿಂಹಮೂರ್ತಿ. ಕೈಯಲ್ಲಿ ನಮ್ಮ ತಟ್ಟೆ.

ಭಾವನನ್ನು ಕಂಡು ಅವನು ಬಾಗಿಲಲ್ಲೇ ತಡೆದು ನಿಂತ. ದೀಪಾವಳಿಯಿಂದ ಈಚೆಗೆ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ನಾನು ತಟ್ಟೆ ನೋಡಿದೆ. ನಾನು ಕೊಟ್ಟಿದ್ದ ನಿಪ್ಪಟ್ಟಿನಲ್ಲಿ ಅರ್ಧ ಹಾಗೇ ಇತ್ತು, ಒಂದರ ಮೇಲೊಂದು ತೊಟ್ಟು ಒಂದೇ ಕಡೆ ಬರುವ ಹಾಗೆ ಜೋಡಿಸಿತ್ತು. ಪಕ್ಕದಲ್ಲಿ ಎರಡು ಬಾಳೆಹಣ್ಣು. ಬರಿದು ತಟ್ಟೆ ಬೇಡ ಅಂತ ಅವನ ಹೆಂಡತಿ ಯಶೋಧರಾ ಇಟ್ಟದ್ದಂತೆ.

ಮೇಣದ ಬತ್ತಿಯ ಬೆಳಕಿನಲ್ಲಿ ಭಾವ ಕಂಡದ್ದು ಬೇರೆ. ಎಲೆ, ಹಣ್ಣು, ತಟ್ಟೆ, ಹೆಣ್ಣಿನ ತಂದೆ. ಅವರು ಎದ್ದು ನಿಂತರು. ಹೊರಗೆ ಹೋಗಿ ಬಾಯಲ್ಲಿದ್ದದ್ದು ಉಗಿದು, ಬಾಯಿ ಮುಕ್ಕಳಿಸಿ, ಕೈ ತೊಳೆದು, ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬಂದು ಎರಡೂ ಕೈ ಚಾಚಿ ತಟ್ಟೆ ಈಸಿಕೊಂಡರು. ಕಣ್ಣಿಗೊತ್ತಿಕೊಂಡರು.

"ಸಂತೋಷ ಮೂರ್ತಿ. ಬಹಳ ಸಂತೋಷ. ನೀನು ಎಲೆ ತರ್ತೀಯ ಅಂತ ನಾನು ಅಂದ್ಕೊಂಡಿರಲಿಲ್ಲ."

ನರಸಿಂಹಮೂರ್ತಿಯ ಬಾಯಿಂದ ಮಾತೇ ಹೊರಡಲಿಲ್ಲ. ನಿಪ್ಪಟ್ಟು ಕಣ್ರೀ ಭಾವ ಅಂತ ನಾನಂದರೆ, ಮುದುಕರಿಗೆ ಅವಮಾನ, ಮಗನ ಮದುವೆ ಅಲ್ಲಿಗೆ ಮುಗಿದಂತೆ. ಅನ್ನದೆ ಸುಮ್ಮನಿದ್ದರೆ ಸುಳ್ಳಿನ ಮೇಲೆ ನಿಶ್ಚಯ ಮಾಡಿದಂತೆ. ಮಾರುವ ಸಾಮಾನಿನಲ್ಲಿ ಕಲಬೆರಕೆ ಮಾಡದವಳು ಮದುವೆ ಮಾತಿನಲ್ಲಿ ಹೆಂಗೆ ಮಾಡಲಿ? "ಭಾವ..." ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಭಾವ ಬೆಂಚಿನ ಮೇಲೆ ಕೂತು ಒಂದು ಎಲೆ ತೆಗೆದುಕೊಂಡು ಅಭ್ಯಾಸದಂತೆ ತೊಟ್ಟು ಮುರಿದಿದ್ದರು. ಟಪ್ ಅಂತು. ಅವರಿಗೆ ಕಿವಿ ಮಂದ. ಸುಣ್ಣದ ಡಬ್ಬಿ ತೆಗೆದು ಬೆರಳಿನಿಂದ ಹಿಂಬದಿಗೆ ಸುಣ್ಣ ಸವರಿದರು, ಮಡಚಲು ಹೋದರು. ಎಲೆ ನಾಲ್ಕು ಚೂರಾಗಿ ಪಂಚೆ ಮೇಲೆ ಬಿತ್ತು. ಬೆರಳಲ್ಲಿ ಉಳಿದ ಒಂದು ಚೂರು ಆಗಲೇ ಬಾಯಿಗೆ ಹೋಗಿತ್ತು.

"ಕಾರ!" ಅಂದರು ಭಾವ.

ಕರೆಂಟು ಬಂತು.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಭಾವ ತಟ್ಟೆ ನೋಡಿದರು, ಪಂಚೆ ನೋಡಿದರು, ಸುಣ್ಣದ ಬೆರಳು ನೋಡಿದರು. ಮುಖ ಕೆಂಪಾಯಿತು. "ಏನಯ್ಯ, ನನ್ನ ಜೊತೆ ಹುಡುಗಾಟ ಆಡ್ತೀಯಾ? ಕಣ್ಣು ಕಾಣದ ಮುದುಕ ಅಂತ ನಿಪ್ಪಟ್ಟಿಗೆ ಸುಣ್ಣ ಹಚ್ಚಿಸ್ತೀಯಾ?"

"ಇಲ್ಲ ಭಾವ, ದೇವರಾಣೆ... ಬುದ್ಧನಾಣೆ" ಅಂದ ನರಸಿಂಹಮೂರ್ತಿ. ತಡವರಿಸಿ ತಡವರಿಸಿ ಹೇಳಿದ. "ಮಂಗಕ್ಕ ಅರಳಿ ಎಲೆ ಮಾಡಿ ಕಳಿಸಿದ್ದರು. ನಮ್ಮ ಬೋಧಿ ಮರದ್ದು. ನಮ್ಮ ಎಲೆಗೂ ನೆಂಟರ ಮನೇಲಿ ಮರ್ಯಾದೆ ಇದೆ ಅಂತ ಸಂತೋಷವಾಯ್ತು. ಅದನ್ನ ಹೇಳಿ ಹೋಗಣ ಅಂತ ಬಂದೆ, ಅಷ್ಟೇ. ನೀವು ಎದ್ದು ಕೈ ತೊಳೆದು ಬಂದು ಈಸ್ಕೊಂಡ್ರಲ್ಲ, ನಂಗೆ ಬಾಯೇ ಬರಲಿಲ್ಲ. ನಮ್ಮಪ್ಪನ ಕೈಯಿಂದ ಜೀವಮಾನದಲ್ಲಿ ಒಬ್ಬನೂ ಹಂಗೆ ಎಲೆ ಈಸ್ಕೊಂಡಿರಲಿಲ್ಲ ಭಾವ."

ಭಾವ ಬಾಯಲ್ಲಿದ್ದ ಚೂರನ್ನು ನಿಧಾನವಾಗಿ ಅಗಿದು ನುಂಗಿದರು.

ಆಗ ನಾನು ನಿಜ ಹೇಳಿದೆ. "ಮೂರ್ತಿ, ನಾನು ಅರಳಿ ಎಲೆ ಅಂತ ಮಾಡಲಿಲ್ಲಪ್ಪ. ಭಾವ, ವೀಳ್ಯದೆಲೆ ಅಂತಲೂ ಮಾಡಲಿಲ್ಲ. ವೇಣು ಹಾರ್ಟ್ ಅಂದ, ಸಾಬ್ರು ಇಸ್ಪೀಟ್ ಮಾಡಿದ್ರು. ನಾನು ಎಣ್ಣೆಗೆ ಬಿಟ್ಟೆ. ಅಷ್ಟೇ ಆಗಿದ್ದು."

ಮೊದಲು ನಕ್ಕದ್ದು ನರಸಿಂಹಮೂರ್ತಿ. "ಇಸ್ಪೀಟಾ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವನ ಮೀಸೆಯೂ ಅಲುಗಿತು.

"ನಗ್ತೀಯೇನಯ್ಯ. ನನ್ನ ಕಷ್ಟ ನಿನಗೇನು ಗೊತ್ತು? ಈಸ್ಕೊಂಡು ಕಣ್ಣಿಗೊತ್ತಿಕೊಂಡೆ. ತೊಟ್ಟೂ ಮುರಿದೆ. ತೊಟ್ಟು ಮುರಿದ ಎಲೆ ವಾಪಸ್ ಕೊಡೋದು ಉಂಟಾ?"

"ಅಂದ್ರೆ?"

"ಅಂದ್ರೆ ನನ್ನ ಕಡೆಯಿಂದ ಮಾತು ಗಟ್ಟಿಯಾಗಿ ನಿಂತಹಾಗೆ. ನೀನು ಬೇಕಾದ್ರೆ ಅರಳಿ ಎಲೆ ಅನ್ನು. ನಾನು ಮುಟ್ಟಿದ್ದು ಎಲೆ. ನಿನ್ನ ಕಡೆಯಿಂದ ಹೇಳು ಈಗ. ಭಾನುವಾರ ಗೌರಿಬಿದನೂರಿನೋರು ಬರ್ತಾರೋ ಇಲ್ವೋ?"

ನರಸಿಂಹಮೂರ್ತಿ ಬಹಳ ಹೊತ್ತು ಯೋಚಿಸಲಿಲ್ಲ. ತಟ್ಟೆಯಿಂದ ಒಂದು ತಗೊಂಡು ತೊಟ್ಟು ಮುರಿದ. ಬಾಯಿಗೆ ಹಾಕಿಕೊಂಡು ಜೇಬಿನಿಂದ ಮೊಬೈಲು ತೆಗೆದ. ಬಾಯಿ ತುಂಬ ನಿಪ್ಪಟ್ಟು ಇಟ್ಟುಕೊಂಡೇ, ಬರಬೇಡಿ, ತಪ್ಪು ತಿಳಿಯಬೇಡಿ ಅಂತ ಆ ಕಡೆಯವರಿಗೆ ಮೂರು ಸಲ ಹೇಳಬೇಕಾಯಿತು, ಪಾಪ ಅವರಿಗೆ ಅರ್ಥವಾಗುತ್ತಿರಲಿಲ್ಲ.

ವೇಣು ಎಣ್ಣೆ ಡಬ್ಬ ಹೊತ್ತು ಬಂದ. ಹಿರಿಯರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಟಕಟ ಅಂತ ತಿನ್ನುತ್ತಿದ್ದುದನ್ನು ನೋಡಿ ಡಬ್ಬ ಇಳಿಸುವುದನ್ನೇ ಮರೆತ.

"ಏನಮ್ಮ ಆಯ್ತು?"

"ನಿಶ್ಚಿತಾರ್ಥ ಆಯ್ತು ಕಣೋ."

"ಯಾರದ್ದು?"

"ನಿಂದೇ. ಮೊದಲು ಆ ಡಬ್ಬ ಇಳಿಸು, ಚೆಲ್ಲಿದರೆ ಕೆಜಿ ಅರವತ್ತು ರೂಪಾಯಿ."

ಇಳಿಸಿದವನು ಎಲ್ಲಿಗೆ ಓಡಿದ ಅಂತ ಯಾರೂ ಕೇಳಲಿಲ್ಲ. "ಅವಳಿಗೆ ಗೊತ್ತಾ? ಅವಳಿಗೆ ಗೊತ್ತಾ?" ಅಂತ ರಸ್ತೆಯುದ್ದಕ್ಕೂ ಅವನು ಕೇಳಿಕೊಂಡು ಹೋದದ್ದು ನಮಗೆಲ್ಲ ಕೇಳಿಸಿತು.

ಮೇ ತಿಂಗಳಲ್ಲಿ ಮದುವೆಯಾಯಿತು. ಎಲ್ಲಮ್ಮನಿಗೂ ಬುದ್ಧನಿಗೂ ಹೂವು ಹಾಕಿದೆವು. ಊಟ ಮುಗಿಸಿ ಹೊರಟವರಿಗೆ ತಾಂಬೂಲದ ಬದಲು ತೊಟ್ಟಿರುವ ನಿಪ್ಪಟ್ಟು ಎರಡೆರಡು ಕೊಟ್ಟೆವು. ಪ್ಯಾರೇಸಾಬರೇ ಹೊಸ ಅಚ್ಚು ಮಾಡಿಕೊಟ್ಟರು, ಇಸ್ಪೀಟೇ. ಭಾವ ಒಂದು ಸಣ್ಣ ಸುಣ್ಣದ ಡಬ್ಬಿಯನ್ನೂ ಪಕ್ಕದಲ್ಲಿಟ್ಟು, "ಬೇಕಾದೋರು ಹಚ್ಕೊಳ್ಳಿ" ಅಂತ ಎಲ್ಲರಿಗೂ ಹೇಳಿ ಹೇಳಿ ನಗುತ್ತಿದ್ದರು. ಯಶೋಧರಾಳನ್ನು ಪಕ್ಕಕ್ಕೆ ಕರೆದು, ತೊಟ್ಟು ಒಂದೇ ಕಡೆ ಬರುವ ಹಾಗೆ ಅವತ್ತು ಯಾಕೆ ಜೋಡಿಸಿದ್ದೆ ಅಂತ ಕೇಳಿದೆ. "ತಟ್ಟೇಲಿ ಚೆನ್ನಾಗಿ ಕಾಣಲಿ ಅಂತ ಅಕ್ಕ" ಅಂದಳು, ಬೇರೆ ಕಡೆ ನೋಡುತ್ತಾ.

ಹೋದದ್ದು ಹೇಳಬೇಕಲ್ಲ. ಗೌರಿಬಿದನೂರಿನ ಅಂಗಡಿಯವನು ಆಮೇಲೆ ನಮ್ಮ ಕಡೆ ತಲೆ ಹಾಕಲಿಲ್ಲ. ತಿಂಗಳಿಗೆ ಇಪ್ಪತ್ತು ಕೆಜಿ ಕೋಡುಬಳೆಯ ವ್ಯಾಪಾರ ಹೋಯಿತು, ಅದು ಇವತ್ತಿಗೂ ತುಂಬಿಲ್ಲ. ಹಾರ್ಟ್ ನಿಪ್ಪಟ್ಟು ಮಾರಿ ಬಂದ ಲಾಭ ಆ ಒಂದು ದಿನದ್ದು. ಬಂದವಳು ಸಂಘಮಿತ್ರ. ಬೆಳಗ್ಗೆ ಬಸ್ಸಿಗೆ ಹೋಗುವ ಮುಂಚೆ ನನ್ನ ಬಾಣಲೆಯಿಂದ ಒಂದು ತೆಗೆದು ತಿಂದು, "ಅತ್ತೆ, ಕಾರ ಸಾಲದು" ಅನ್ನುತ್ತಾಳೆ.